ತಿಪ್ಪೆಯಿಂದ ಶುರುಮಾಡಿ: ಬೆಂಗಳೂರಿನ ಸುತ್ತಲ ಹಳ್ಳಿಗಳಿಗೊಂದು ಕಸದ ಕೈಪಿಡಿ

ಮುಂಗಾರಿಗೆ ಮುಂಚೆ, ತಿಪ್ಪೆಗೊಬ್ಬರ ಹೊಲಕ್ಕೆ ಹೊಡೆಯುವ ದಿನಗಳಲ್ಲಿ, ದೊಡ್ಡಬಳ್ಳಾಪುರದ ಕಡೆಯ ಯಾವುದಾದರೂ ರಾಗಿ ಹೊಲದ ಬದುವಿನ ಮೇಲೆ ಹತ್ತು ನಿಮಿಷ ನಿಂತು ನೋಡಿ. ಟ್ರ್ಯಾಕ್ಟರಿನಿಂದ ಸುರಿದ ಕರೀ ಗೊಬ್ಬರದ ಗುಡ್ಡೆಯಲ್ಲಿ ನೀಲಿ, ಕೆಂಪು, ಬೆಳ್ಳಿ ಬಣ್ಣದ ಚೂರುಗಳು ಮಿನುಗುತ್ತಿರುತ್ತವೆ. ಹಾಲಿನ ಕವರು, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಒಮ್ಮೊಮ್ಮೆ ಮಗುವಿನ ಡೈಪರ್. ಉಳುವಾಗ ಕಲ್ಟಿವೇಟರಿನ ಹಲ್ಲಿಗೆ ಅವೇ ಸುತ್ತಿಕೊಳ್ಳುತ್ತವೆ. ರೈತ ಇಳಿದು ಬಿಡಿಸಿ ಬದುವಿಗೆಸೆದು ಮತ್ತೆ ಹತ್ತುತ್ತಾನೆ. ಗಾಳಿ ಬಂದರೆ ಅವು ಪಕ್ಕದ ಹೊಲಕ್ಕೆ.

ಕಸ ಅಂದರೆ ನಮಗೆ ಥಟ್ಟನೆ ನೆನಪಾಗುವುದು ಬೆಂಗಳೂರಿನ ಲಾರಿಗಳು. ಅದು ತಪ್ಪೂ ಅಲ್ಲ. ನಗರದ ಕಸ ಹೊತ್ತು ಸಾಕಾಗಿ 2012ರಲ್ಲಿ ನಗರದಂಚಿನ ಮಾವಳ್ಳಿಪುರದ ಜನ ತಿರುಗಿಬಿದ್ದರು, ಭಾರ ಇನ್ನೊಂದು ಹಳ್ಳಿ ಮಂಡೂರಿಗೆ ಹೋಯಿತು. 2014ರಲ್ಲಿ ಮಂಡೂರಿನವರೂ ರಸ್ತೆಗಿಳಿದರು, ಆ ವರ್ಷದ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಆದರೆ ನಮ್ಮೂರ ತಿಪ್ಪೆಯಲ್ಲಿರುವ ಕವರು ನಗರದಿಂದ ಬಂದದ್ದಲ್ಲ, ನಮ್ಮ ಅಡುಗೆಮನೆಯಿಂದ ಬಂದದ್ದು. ಹೊರಗಿನವರ ಕಸ ತಡೆಯುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಮ್ಮದು.

ಸುಮಾರು ಇನ್ನೂರು ಮನೆಯ ಊರಿನಲ್ಲಿ ಸಂಘದ ಹೆಂಗಸರ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾವು ಎಡವಿದ ಜಾಗಗಳೂ ಇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜನರಿಂದ ಕಸ ಬೇರೆ ಮಾಡಿಸುವುದು ಅಂಥ ಕಷ್ಟವಲ್ಲ. ಅವರು ಬೇರೆ ಮಾಡಿ ಕೊಟ್ಟದ್ದನ್ನು ನಾವು ಮತ್ತೆ ಬೆರೆಸದೆ ಇರುವುದು ಕಷ್ಟ. ಕೆಳಗಿನ ಹಂತಗಳೆಲ್ಲ ಇದೊಂದನ್ನು ಕಾಯುವುದಕ್ಕೆ.

ಹಂತ 1: ಐದು ಜನರನ್ನು ಹುಡುಕಿ

ಇಪ್ಪತ್ತು ಜನರ ಸಮಿತಿ ಬೇಡ. ಮೊದಲ ಸಭೆಗೆ ಇಪ್ಪತ್ತೂ ಜನ ಬರುತ್ತಾರೆ, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ನೀವೊಬ್ಬರೇ. ಐದು ಜನ ಸಾಕು, ಆದರೆ ಐವರೂ ದಿನಾ ಊರಲ್ಲಿ ಓಡಾಡುವವರಾಗಿರಬೇಕು.

ನಮ್ಮ ಅನುಭವದಲ್ಲಿ ಕೆಲಸಕ್ಕೆ ಬಂದವರು ಇವರು. ಸಂಜೀವಿನಿ ಒಕ್ಕೂಟದ (ಹೆಂಗಸರ ಸ್ವಸಹಾಯ ಸಂಘಗಳ ಕೂಟ) ಅಥವಾ ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ, ಹಾಲಿನ ಡೇರಿಯ ಕಾರ್ಯದರ್ಶಿ, ಊರಿಗೆ ನೀರು ಬಿಡುವ ನೀರಗಂಟಿ, ಶಾಲೆಯ ಒಬ್ಬ ಮೇಷ್ಟ್ರು ಅಥವಾ ಟೀಚರ್, ಬೈಕ್ ಮತ್ತು ಫೋನ್ ಇರುವ ಒಬ್ಬ ಹುಡುಗ ಅಥವಾ ಹುಡುಗಿ. ನೀರಗಂಟಿಯನ್ನು ಬಹಳ ಜನ ಮರೆಯುತ್ತಾರೆ. ಯಾವ ಮನೆಗೆ ಹೊಸ ಬಾಡಿಗೆಯವರು ಬಂದರು, ಯಾವ ಚರಂಡಿ ಕಟ್ಟಿದೆ, ಯಾರು ರಾತ್ರಿ ಕಸ ತಂದು ಎಲ್ಲಿ ಸುರಿಯುತ್ತಾರೆ ಅನ್ನುವುದೆಲ್ಲ ಅವರಿಗೆ ಗೊತ್ತಿರುತ್ತದೆ. ಆಶಾ ಕಾರ್ಯಕರ್ತೆ ಬಂದರೆ ಇನ್ನೂ ಒಳ್ಳೆಯದು, ಆದರೆ ಅವರ ತಲೆ ಮೇಲೆ ಈಗಾಗಲೇ ಹತ್ತು ಕೆಲಸ ಇದೆ. ಹನ್ನೊಂದನೆಯದನ್ನು ಹೇರುವ ಮೊದಲು ಕೇಳಿ ನೋಡಿ.

ಫೋಟೋಗೆ ಮಾತ್ರ ಪೊರಕೆ ಹಿಡಿಯುವವರು ಎಲ್ಲಾ ಊರಲ್ಲೂ ಇರುತ್ತಾರೆ. ಅವರನ್ನು ದೂರ ಮಾಡಬೇಡಿ, ಉದ್ಘಾಟನೆಗೆ ಕರೆಯಿರಿ. ಐವರ ಗುಂಪಿಗೆ ಬೇಡ.

ಹಂತ 2: ಊರಿನ ಕಸವನ್ನು ಒಂದು ವಾರ ತೂಗಿ

ಡಬ್ಬ, ಗಾಡಿ, ಬೋರ್ಡು ಯಾವುದಕ್ಕೂ ದುಡ್ಡು ಹಾಕುವ ಮೊದಲು ನಿಮ್ಮೂರಲ್ಲಿ ಏನು ಬೀಳುತ್ತದೆ ಅಂತ ನೋಡಬೇಕು. ನಗರದ ಲೆಕ್ಕ ಹಳ್ಳಿಗೆ ಹೊಂದುವುದಿಲ್ಲ. ಇಪ್ಪತ್ತು ಮನೆ ಆರಿಸಿ. ಐದು ಹಸು ಕಟ್ಟಿದ ಮನೆ, ಐದು ದನ ಇಲ್ಲದ ಮನೆ, ಐದು ಬಾಡಿಗೆ ಮನೆ, ಜೊತೆಗೆ ಎರಡು ಅಂಗಡಿ, ಒಂದು ಹೋಟೆಲ್ಲು, ಒಂದು ಕೋಳಿ ಅಂಗಡಿ, ಒಂದು ಅಂಗನವಾಡಿ. ಏಳು ದಿನ ಅವರ ಕಸವನ್ನು ಚೀಲದಲ್ಲಿ ತೆಗೆದುಕೊಂಡು, ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ, ಟಾರ್ಪಾಲಿನ್ ಮೇಲೆ ಸುರಿದು ಬೇರೆ ಮಾಡಿ.

ನಾವಿದನ್ನು ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ಮಾಡಿದೆವು. ತೂಕದಲ್ಲಿ ಗುಟ್ಕಾ ಚೀಟಿ ಲೆಕ್ಕಕ್ಕೇ ಇಲ್ಲ. ಎಣಿಸಲು ಕೂತರೆ ಎಲ್ಲಕ್ಕಿಂತ ಜಾಸ್ತಿ ಅದೇ. ಹಾಗಾಗಿ ತೂಗಿದ ಮೇಲೆ ಎಣಿಸಿ ಕೂಡ. ಇನ್ನೊಂದು ಪಾಠವೂ ಅಲ್ಲೇ ಆಯಿತು. ನೋಡಲು ನಿಂತಿದ್ದ ಒಂದು ಮಗು ರಾಶಿಯಲ್ಲಿ ತನ್ನ ಮನೆಯ ಕರೆಂಟ್ ಬಿಲ್ ಕಂಡು, ಮೆಲ್ಲಗೆ ಎತ್ತಿ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿತು. ಕಸದಲ್ಲಿ ಒಂದು ಮನೆಯ ಔಷಧಿ ಚೀಟಿ, ಬಾಟಲಿ, ಸಾಲದ ನೋಟೀಸು ಎಲ್ಲ ಇರುತ್ತದೆ. ಆದ್ದರಿಂದ ಚೀಲಗಳಿಗೆ ಮನೆ ಹೆಸರು ಬರೆಯಬೇಡಿ, ನಂಬರ್ ಹಾಕಿ. ಮಕ್ಕಳ ಮುಂದೆ ಸುರಿಯುವುದು ಅಂಗಡಿ, ಶಾಲೆಗಳ ಒಣ ಕಸ ಮಾತ್ರ ಆಗಿರಲಿ. ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಮುಚ್ಚಿದ ಚಪ್ಪಲಿ ಬೇಕೇ ಬೇಕು.

ಈ ವಾರದ ಕೊನೆಗೆ ನಿಮಗೊಂದು ಸಂಗತಿ ಕಾಣುತ್ತದೆ. ಹಸು ಕಟ್ಟಿದ ಮನೆಯಲ್ಲಿ ಹಸಿ ಕಸವೇ ಇರುವುದಿಲ್ಲ. ತರಕಾರಿ ಸಿಪ್ಪೆ ಹಸುವಿಗೆ, ಮಿಕ್ಕಿದ ಮುದ್ದೆ ಕಲಗಚ್ಚಿಗೆ, ಅನ್ನ ಕೋಳಿಗೆ ಹೋಗುತ್ತದೆ. ಹಸಿ ಕಸ ಬರುವುದು ಬಾಡಿಗೆ ಮನೆಗಳಿಂದ, ಹೋಟೆಲಿನಿಂದ, ಕಲ್ಯಾಣ ಮಂಟಪದಿಂದ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಆನೇಕಲ್ ಕಡೆ ಕಾರ್ಖಾನೆ, ಗೋದಾಮು ಬಂದ ಮೇಲೆ ಸಾಲು ಸಾಲು ಬಾಡಿಗೆ ಕೋಣೆ ಎದ್ದಿವೆಯಲ್ಲ, ಅಲ್ಲಿ ತಿಪ್ಪೆಯೂ ಇಲ್ಲ, ಹಸುವೂ ಇಲ್ಲ. ಹೀಗಿರುವಾಗ ಎಲ್ಲಾ ಮನೆಗೂ ಎರಡೆರಡು ಡಬ್ಬ ಹಂಚುವುದು ದುಡ್ಡು ದಂಡ. ಎಷ್ಟೋ ಮನೆಯಲ್ಲಿ ಅಂಥ ಹಸಿರು ಡಬ್ಬದಲ್ಲಿ ರಾಗಿ ಹಿಟ್ಟು ತುಂಬಿಟ್ಟದ್ದನ್ನು ನೋಡಿದ್ದೇನೆ. ಒಳ್ಳೆ ಡಬ್ಬ, ಮುಚ್ಚಳವೂ ಗಟ್ಟಿ.

ಹಂತ 3: ಪಂಚಾಯಿತಿ ಬಾಗಿಲು ತಟ್ಟಿ, ಕೈಯಲ್ಲಿ ಲೆಕ್ಕ ಹಿಡಿದು

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ‘ಊರು ಗಲೀಜಾಗಿದೆ ಸಾರ್’ ಅಂತ ಹೋದರೆ ‘ಮಾಡೋಣ’ ಅನ್ನುತ್ತಾರೆ. ತೂಗಿದ ಲೆಕ್ಕ, ಮನೆಗಳ ಪಟ್ಟಿ, ಊರಿನ ಕೈನಕ್ಷೆಯಲ್ಲಿ ಗುರುತಿಸಿದ ಕಸದ ಗುಡ್ಡೆಗಳು, ಇವನ್ನು ಹಿಡಿದು ಹೋದರೆ ಮಾತೇ ಬೇರೆ. ಅದೇ ಕಾಗದವನ್ನು ಮೊದಲು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮಸಭೆಯಲ್ಲಿ ಓದಿಸಿ ನಡಾವಳಿ ಪುಸ್ತಕಕ್ಕೆ ಬರೆಸಿ. ಬಾಯಿಮಾತಿಗೆ ಅನುದಾನ ಬರುವುದಿಲ್ಲ.

ಕೇಳುವ ಮೊದಲು ಏನೇನಿದೆ ಅಂತ ತಿಳಿದಿರಲಿ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದ ಮಾರ್ಗಸೂಚಿಯಲ್ಲಿ 5,000 ಜನಸಂಖ್ಯೆವರೆಗಿನ ಹಳ್ಳಿಗೆ ಘನತ್ಯಾಜ್ಯದ ಕೆಲಸಕ್ಕೆ ತಲೆಗೆ 60 ರೂಪಾಯಿವರೆಗೆ, ಅದಕ್ಕಿಂತ ದೊಡ್ಡ ಊರಿಗೆ 45 ರೂಪಾಯಿವರೆಗೆ ಇಟ್ಟಿದ್ದರು. ಸಾವಿರ ಜನರ ಊರಿಗೆ ಅರವತ್ತು ಸಾವಿರ ಆಯಿತು. ಅದರಲ್ಲಿ ಗುಂಡಿ, ಶೆಡ್ಡು, ತಳ್ಳುಗಾಡಿ ಬರುತ್ತವೆ. ತಿಂಗಳ ಸಂಬಳ ಬರುವುದಿಲ್ಲ. ನಿಮ್ಮ ಪಂಚಾಯಿತಿಯಲ್ಲಿ ಈಗಾಗಲೇ ಕಸ ವಿಂಗಡಿಸುವ ‘ಸ್ವಚ್ಛ ಸಂಕೀರ್ಣ’ದ ಶೆಡ್ಡು ಇರಬಹುದು, ಕಸ ಒಯ್ಯುವ ‘ಸ್ವಚ್ಛ ವಾಹಿನಿ’ ಗಾಡಿಯೂ ಇರಬಹುದು. ಕರ್ನಾಟಕದ ಬಹಳ ಪಂಚಾಯಿತಿಗಳಲ್ಲಿ ಗಾಡಿ ಓಡಿಸುವವರಿಂದ ಹಿಡಿದು ಶೆಡ್ಡಿನಲ್ಲಿ ವಿಂಗಡಿಸುವವರವರೆಗೆ ಸಂಜೀವಿನಿ ಒಕ್ಕೂಟದ ಹೆಂಗಸರೇ ಇದ್ದಾರೆ, ಪಂಚಾಯಿತಿ ಜೊತೆ ಒಪ್ಪಂದ ಮಾಡಿಕೊಂಡು ನಡೆಸುತ್ತಾರೆ. ಗಾಡಿ ಇದ್ದೂ ಡ್ರೈವರ್ ಇಲ್ಲದೆ ನಿಂತಿದ್ದರೆ ಹೊಸ ಗಾಡಿ ಕೇಳಬೇಡಿ, ಡ್ರೈವಿಂಗ್ ಕಲಿಯಲು ಒಪ್ಪುವ ಒಬ್ಬ ಅಕ್ಕನ ಹೆಸರು ಕೊಡಿ.

ಹಂತ 4: ಪಾಠ ಹೇಳುವ ಜಾಗ ಡೇರಿ

ಗ್ರಾಮಸಭೆಯಲ್ಲಿ ಭಾಷಣ ಮಾಡಿದರೆ ಮುಂದಿನ ಸಾಲಿನ ಗಂಡಸರು ತಲೆಯಾಡಿಸುತ್ತಾರೆ. ಮನೆಯಲ್ಲಿ ಕಸ ಎತ್ತುವವರು ಅಲ್ಲಿರುವುದೇ ಇಲ್ಲ. ದಿನಾ ಎರಡು ಹೊತ್ತು, ಹೇಳಿದ ಟೈಮಿಗೆ, ಕರೆಯದೆ ಊರು ಸೇರುವ ಜಾಗ ಒಂದೇ, ಹಾಲಿನ ಡೇರಿ. ಕ್ಯಾನು ಹಿಡಿದು ಸಾಲಲ್ಲಿ ನಿಂತವರಿಗೆ ಹತ್ತು ನಿಮಿಷ ಬೇರೆ ಕೆಲಸವಿರುವುದಿಲ್ಲ.

ಅಲ್ಲಿ ಒಂದು ಟೇಬಲ್ ಹಾಕಿ, ಹಸಿ, ಒಣ, ಅಪಾಯದ ಕಸಕ್ಕೆ ಅಂತ ಮೂರು ಪುಟ್ಟಿ ಇಟ್ಟು, ಒಂದು ಚೀಲದಲ್ಲಿ ಇಪ್ಪತ್ತು ಸಾಮಾನು ತುಂಬಿಡಿ. ಮೊಟ್ಟೆ ಚಿಪ್ಪು, ಎಣ್ಣೆ ಕವರು, ಬ್ಲೇಡು, ಸೆಲ್ಲು, ಟೀ ಸೊಪ್ಪು, ಮಾತ್ರೆ ಹಾಳೆ, ಹಳೇ ಚಪ್ಪಲಿ, ತೆಂಗಿನ ಚಿಪ್ಪು, ಬೆಳೆಗೆ ಔಷಧಿ ಹೊಡೆದ ಬಾಟಲಿ. ಒಬ್ಬೊಬ್ಬರು ಒಂದೊಂದು ತೆಗೆದು ಯಾವ ಪುಟ್ಟಿಗೆ ಅಂತ ಹಾಕಲಿ. ನೀವು ಬಾಯಿ ಮುಚ್ಚಿಕೊಂಡಿರಿ. ‘ಅಯ್ಯೋ, ಅದಲ್ಲ ಕಣಕ್ಕ, ಟೀ ಸೊಪ್ಪು ಹೂವಿನ ಗಿಡಕ್ಕೆ’ ಅಂತ ಹಿಂದಿನವರು ತಿದ್ದುತ್ತಾರೆ. ಹಾಗೆ ತಿದ್ದಿಸಿಕೊಂಡದ್ದು ಮರೆಯುವುದಿಲ್ಲ. ಒಂದು ವಾರ ಬೆಳಿಗ್ಗೆ, ಒಂದು ವಾರ ಸಂಜೆ ಮಾಡಿದರೆ ಹೆಚ್ಚುಕಡಿಮೆ ಅರ್ಧ ಊರು ಮುಗಿಯುತ್ತದೆ.

ಡೇರಿಯಲ್ಲೇ ಹೇಳಬೇಕಾದ ಸಣ್ಣ ವಿಷಯ ಒಂದಿದೆ. ಹಾಲಿನ ಕವರಿನ ಮೂಲೆ ಕತ್ತರಿಸುವಾಗ ಚೂರು ಪೂರ್ತಿ ಬೇರೆಯಾಗದಂತೆ ಕತ್ತರಿಸಿ. ದೊಡ್ಡ ಕವರು ಗುಜರಿಗೆ ಹೋಗುತ್ತದೆ, ಉಗುರಿನಷ್ಟು ಆ ತ್ರಿಕೋನದ ಚೂರನ್ನು ಯಾರೂ ಹೆಕ್ಕುವುದಿಲ್ಲ. ಅದೇ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಹೀಗೊಂದು ಕತ್ತರಿಸಿ ಕೈಯಲ್ಲಿ ಹಿಡಿದು ತೋರಿಸಿದರೆ ಸಾಕು, ಮೈಕ್ರೋಪ್ಲಾಸ್ಟಿಕ್ ಕುರಿತ ಉಪನ್ಯಾಸ ಬೇಕಿಲ್ಲ.

ಪ್ಯಾಡು, ಡೈಪರ್ ವಿಷಯವನ್ನು ಡೇರಿಯಲ್ಲಿ ಎತ್ತಬೇಡಿ. ಅದಕ್ಕೆ ಅಂಗನವಾಡಿಯ ತಾಯಂದಿರ ಸಭೆ ಇದೆ. ಹೆಂಗಸರೇ ಹೆಂಗಸರಿಗೆ ಹೇಳಲಿ. ಈಗ ಏನು ಮಾಡುತ್ತಿದ್ದೀರಿ ಅಂತ ಕೇಳಿದರೆ ಉತ್ತರ ಬಚ್ಚಲೊಲೆ, ತಿಪ್ಪೆ, ಕೆರೆ, ಶೌಚಾಲಯದ ಗುಂಡಿ, ಈ ನಾಲ್ಕರಲ್ಲೊಂದು. ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ ಬೇರೆಯಾಗಿ ಕೊಡಿ ಅಂತ ಹೇಳಬೇಕು. ಆ ಗುರುತು ಶೆಡ್ಡಿನಲ್ಲಿ ವಿಂಗಡಿಸುವ ಹೆಂಗಸಿಗಾಗಿ, ಅವಳು ಬರಿಗೈಲಿ ಬಿಚ್ಚಿ ನೋಡಬಾರದು ಅಂತ. ಈ ಕಾರಣ ಹೇಳಿದಾಗ ಒಪ್ಪುವಷ್ಟು ಬೇಗ ‘ಪರಿಸರ’ ಅಂದಾಗ ಒಪ್ಪುವುದಿಲ್ಲ.

ಬಾಡಿಗೆಯವರಿಗೆ ಕನ್ನಡ ಬರದಿರಬಹುದು. ಚಿತ್ರದ ಹಾಳೆ ಅಂಟಿಸಿ, ಆದರೆ ಮಾತಾಡುವುದು ಮನೆ ಮಾಲೀಕರ ಜೊತೆ. ಹತ್ತು ಕೋಣೆಗೆ ಬಾಡಿಗೆ ಎಣಿಸಿಕೊಳ್ಳುವವರು ಹತ್ತು ಕೋಣೆಯ ಕಸಕ್ಕೂ ಜವಾಬ್ದಾರರು. ಇದನ್ನು ನಡಾವಳಿಯಲ್ಲಿ ಬರೆಸಿಟ್ಟರೆ ಮುಂದೆ ಜಗಳ ಕಡಿಮೆ.

ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ಬೇಡವೇ ಬೇಡ. ವಾರಕ್ಕೊಂದು ದಿನ ಪ್ರತಿ ಮಗು ಮನೆಯ ಹಾಲಿನ ಕವರುಗಳನ್ನು ತೊಳೆದು ಒಣಗಿಸಿ ತರಲಿ, ತರಗತಿವಾರು ತೂಗಿ, ಮಾರಿದ ದುಡ್ಡಿನಲ್ಲಿ ಚೆಂಡು, ಸ್ಕಿಪ್ಪಿಂಗ್ ಹಗ್ಗ ಕೊಳ್ಳಲಿ. ತೂಗುವುದು, ಕೂಡುವುದು, ಲೆಕ್ಕ ಬರೆಯುವುದು ಅವರೇ ಮಾಡಲಿ.

ಹಂತ 5: ಒಂದೇ ಬೀದಿಯಿಂದ, ಒಣ ಕಸದಿಂದ

ಇಡೀ ಊರಿಗೆ ಒಮ್ಮೆಲೇ ಹೊರಡಬೇಡಿ. ಮೂವತ್ತು ನಲವತ್ತು ಮನೆಯ ಒಂದು ಬೀದಿ ಹಿಡಿಯಿರಿ, ಸಂಘದ ಅಕ್ಕನ ಮನೆ ಇರುವ ಬೀದಿಯಾದರೆ ಉತ್ತಮ. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಡಬ್ಬ, ಅಪಾಯದ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ ಅನ್ನುವ ಪದ್ಧತಿ ಇದೆ. 2015ರ ಕೊನೆಯಲ್ಲಿ ಹೈಕೋರ್ಟೇ ಅದನ್ನು ಕಡ್ಡಾಯ ಮಾಡಿತು. ಹಳ್ಳಿಗೆ ಅದನ್ನು ಸ್ವಲ್ಪ ತಿರುಗಿಸಿಕೊಳ್ಳಬೇಕು. ಹಸಿ ಕಸ ಮನೆಯಲ್ಲೇ ಉಳಿಯಲಿ, ಗಾಡಿಗೆ ಕೊಡುವುದು ಒಣದ್ದು, ಅಪಾಯದ್ದು, ಬೇರೆಯಾಗಿ ಸುತ್ತಿದ ಪ್ಯಾಡು, ಡೈಪರ್ ಮಾತ್ರ. ಒಣ ಕಸ ನಾರುವುದಿಲ್ಲ, ವಾರಕ್ಕೊಮ್ಮೆ ಅಥವಾ ಎರಡು ಸಲ ಗಾಡಿ ಬಂದರೆ ಸಾಕು. ಡೀಸೆಲ್ ಉಳಿಯುತ್ತದೆ, ಒಂದೇ ಗಾಡಿ ನಾಲ್ಕೈದು ಹಳ್ಳಿ ನೋಡಿಕೊಳ್ಳುತ್ತದೆ.

ಚೀಲಕ್ಕೆ ದುಡ್ಡು ಬೇಡ. ಹಿಂಡಿ, ಬೂಸಾ ಬಂದ ಖಾಲಿ ಚೀಲ ಪ್ರತಿ ಕೊಟ್ಟಿಗೆಯಲ್ಲೂ ಇರುತ್ತದೆ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತುಹಾಕಲಿ. ಅಪಾಯದ ಕಸಕ್ಕೆ, ಅಂದರೆ ಬ್ಲೇಡು, ಸೂಜಿ, ಒಡೆದ ಗಾಜು, ಸೆಲ್ಲು, ಬಲ್ಬಿಗೆ, ಒಂದು ಹಳೇ ಪೇಂಟ್ ಡಬ್ಬ ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿರಲಿ, ತಿಂಗಳಿಗೊಮ್ಮೆ ಕೊಟ್ಟರಾಯಿತು. ಗಾಡಿ ಬರುವ ವಾರ ಮತ್ತು ಗಂಟೆ ಬದಲಾಗಲೇಬಾರದು. ಮಂಗಳವಾರ ಏಳೂವರೆ ಅಂದರೆ ಹಬ್ಬವಿರಲಿ, ಮಳೆಯಿರಲಿ, ಮಂಗಳವಾರ ಏಳೂವರೆ.

ಈಗ ನಾವು ಎಡವಿದ ಕತೆ. ಮೂರನೇ ತಿಂಗಳು, ನಮ್ಮ ಗಾಡಿಯ ನಡುವಿನ ತಗಡು ಕಿತ್ತುಬಂದಿತ್ತು. ರಿಪೇರಿಗೆ ನಾಳೆ ನಾಡಿದ್ದು ಅಂದುಕೊಂಡು ಎರಡು ವಾರ ಎಳೆದೆವು. ಆ ಎರಡು ವಾರ ಜನ ಬೇರೆ ಬೇರೆ ಕೊಟ್ಟ ಚೀಲಗಳನ್ನು ನಾವು ಅವರ ಕಣ್ಣೆದುರೇ ಒಂದೇ ಕಡೆ ಸುರಿದೆವು. ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, ‘ನೀವೇ ಕಲಸ್ತೀರಲ್ಲಪ್ಪ, ನಾನ್ಯಾಕೆ ಬೇರೆ ಮಾಡ್ಲಿ?’ ಅಂದರು. ಉತ್ತರ ಇರಲಿಲ್ಲ. ಮುಂದಿನ ವಾರ ಆ ಬೀದಿಯ ಅರ್ಧ ಮನೆಗಳಿಂದ ಬಂದದ್ದು ಕಲಸಿದ ಕಸ. ಕಟ್ಟಲು ಮೂರು ತಿಂಗಳು ಹಿಡಿದದ್ದು ಎರಡೇ ವಾರದಲ್ಲಿ ಹೋಯಿತು, ಮತ್ತೆ ಕಟ್ಟಲು ಆರು ತಿಂಗಳು ಬೇಕಾಯಿತು. ಆಮೇಲೆ ನಾವು ಮಾಡಿಕೊಂಡ ನಿಯಮ ಇದು. ಗಾಡಿಯಲ್ಲಿ ಬೇರೆ ಬೇರೆ ಇಡಲು ಆಗದ ದಿನ ಗಾಡಿ ಹೊರಡುವುದೇ ಇಲ್ಲ, ಡೇರಿಯ ಬೋರ್ಡಿನಲ್ಲಿ ಬರೆಯುತ್ತೇವೆ. ಬೆರೆಸುವುದಕ್ಕಿಂತ ಬರದಿರುವುದು ವಾಸಿ.

ಕಲಸಿದ ಕಸ ಕೊಟ್ಟರೆ ಏನು ಮಾಡಬೇಕು? ಬೈಯಬೇಡಿ, ತೆಗೆದುಕೊಳ್ಳಲೂ ಬೇಡಿ. ‘ಅಕ್ಕ, ಇದೊಂದು ತೆಗೆದುಕೊಡಿ, ಕಾಯ್ತೀನಿ’ ಅಂತ ನಿಲ್ಲಿ. ಅವರ ಕೈಯಿಂದಲೇ ತೆಗೆಸಬೇಕು. ಗಾಡಿಯವರು ತೆಗೆದುಕೊಟ್ಟರೆ ಅದು ಅಭ್ಯಾಸವಾಗಿಬಿಡುತ್ತದೆ.

ಹಂತ 6: ಹಸಿ ಕಸ ಗೊಬ್ಬರ ಆಗಬೇಕು, ಕೊಳೆಯಬಾರದು

ತಿಪ್ಪೆ ಇರುವವರಿಗೆ ಹೊಸದೇನೂ ಕಲಿಸಬೇಕಿಲ್ಲ. ತಿಪ್ಪೆಗೆ ಪ್ಲಾಸ್ಟಿಕ್ ಬೀಳದಿದ್ದರೆ ಸಾಕು. ಕೊಟ್ಟಿಗೆ ಗುಡಿಸುವಾಗ ಕವರು ಸೇರದಂತೆ ನೋಡಿಕೊಳ್ಳುವುದೇ ಅವರ ಪಾಲಿನ ಕೆಲಸ. ದನ ಕವರು ತಿಂದರೆ ಹೊಟ್ಟೆಯಲ್ಲಿ ಗಂಟಾಗಿ ಮೇವು ಬಿಡುತ್ತದೆ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಬಾಡಿಗೆ ಸಾಲುಗಳಿಗೆ, ಹೋಟೆಲಿಗೆ ಸಾಮೂಹಿಕ ಗೊಬ್ಬರದ ತೊಟ್ಟಿ ಬೇಕು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಎರಡು ತೊಟ್ಟಿ ಅಕ್ಕಪಕ್ಕ. ಇದಕ್ಕಿಂತ ಚಿಕ್ಕದಾದರೆ ಒಳಗೆ ಶಾಖ ನಿಲ್ಲುವುದಿಲ್ಲ. ಗೋಡೆಯಲ್ಲಿ ಇಟ್ಟಿಗೆ ನಡುವೆ ಕಿಂಡಿ ಬಿಡಿ, ಗಾಳಿಯಾಡಲಿ. ತಳಕ್ಕೆ ತೆಂಗಿನ ಚಿಪ್ಪು, ತೊಗರಿ ಕಡ್ಡಿ.

ಒಂದು ಪಾಲು ಹಸಿ ಕಸಕ್ಕೆ ಎರಡರಿಂದ ಮೂರು ಪಾಲು ಒಣ ಎಲೆ ಬೇಕು. ಪಾಲು ಅಂದರೆ ಪುಟ್ಟಿ ಲೆಕ್ಕ, ತೂಕವಲ್ಲ. ಹಸಿ ಕಸದಲ್ಲಿ ಸಾರಜನಕ, ಒಣ ಎಲೆಯಲ್ಲಿ ಇಂಗಾಲ. ಸಾರಜನಕ ಒಂದಾದರೆ ಇಂಗಾಲ ಇಪ್ಪತ್ತೈದು ಮೂವತ್ತರಷ್ಟು ಇದ್ದಾಗ ಗೊಬ್ಬರ ಬೇಗ ಪಕ್ವವಾಗುತ್ತದೆ. ಪುಸ್ತಕಗಳು ‘ಒಣ ಹುಲ್ಲು ಹಾಕಿ’ ಅನ್ನುತ್ತವೆ. ರಾಗಿ ಹುಲ್ಲಿನ ರೇಟು ಗೊತ್ತಿರುವ ಯಾರೂ ಅದನ್ನು ತೊಟ್ಟಿಗೆ ಹಾಕುವುದಿಲ್ಲ. ಅದರ ಬದಲು ಬೇಸಿಗೆ ಮೊದಲು ಹೊಂಗೆ, ಮಾವು, ಮಳೆಮರ ಎಲೆ ಉದುರಿಸುತ್ತವಲ್ಲ, ಆಗ ಗುಡಿಸಿ ಬೆಂಕಿ ಇಡುವ ಬದಲು ಐವತ್ತು ಚೀಲ ತುಂಬಿ ಶೆಡ್ಡಿನಲ್ಲಿಡಿ, ವರ್ಷಪೂರ್ತಿ ಬರುತ್ತದೆ. ದೇವಸ್ಥಾನದ ಅರಳಿಮರದ ಎಲೆಯೂ ಆಗುತ್ತದೆ.

ಪದರ ಪದರವಾಗಿ ಹಾಕಿ, ಪ್ರತಿ ಪದರದ ಮೇಲೆ ಒಂದು ಚೊಂಬು ಸಗಣಿ ನೀರು ಚಿಮುಕಿಸಿ. ಒದ್ದೆ ಸಾಕೇ ಅಂತ ನೋಡಲು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ, ನೀರು ಸುರಿದರೆ ಜಾಸ್ತಿಯಾಯಿತು, ಮುಷ್ಟಿ ಬಿಟ್ಟಾಗ ಉದುರಿದರೆ ಕಡಿಮೆಯಾಯಿತು. ಮೂರ್ನಾಲ್ಕು ದಿನಕ್ಕೆ ಒಂದು ಕಬ್ಬಿಣದ ಸಲಾಕೆ ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ. ಹಿಡಿಯಲಾರದಷ್ಟು ಬಿಸಿ ಇದ್ದರೆ ಒಳಗೆ 55ರಿಂದ 65 ಡಿಗ್ರಿ ಬಂದಿದೆ ಅಂತ. ರೋಗಾಣು, ಕಳೆಬೀಜ ಸಾಯುವುದು ಈ ಶಾಖಕ್ಕೆ. ತಣ್ಣಗಿದ್ದರೆ ಸಗಣಿ ನೀರು ಸಾಲದು ಅಥವಾ ರಾಶಿ ಚಿಕ್ಕದು. ವಾರ ಹತ್ತು ದಿನಕ್ಕೊಮ್ಮೆ ಮಗುಚಿ. ಒಂದು ತೊಟ್ಟಿ ತುಂಬಿದ ಮೇಲೆ ಇನ್ನೊಂದಕ್ಕೆ ಶುರು. ಎರಡು ಮೂರು ತಿಂಗಳಿಗೆ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧ.

ಕೊಳೆತ ಮೊಟ್ಟೆ ವಾಸನೆ ಬಂದರೆ ನೀರು ಜಾಸ್ತಿ, ಗಾಳಿ ಕಡಿಮೆ, ಎರಡು ಪುಟ್ಟಿ ಒಣ ಎಲೆ ಹಾಕಿ ಮಗುಚಿ. ಇರುವೆ ಬಂದರೆ ಒಣಗಿದೆ. ಬಿಳಿ ಹುಳ ಕಂಡರೆ ಗಾಬರಿ ಬೇಡ, ಮೇಲೆ ಒಣ ಎಲೆ ಮುಚ್ಚಿ. ಮಾಂಸ, ಮೂಳೆ ಮಾತ್ರ ಬೇಡ, ನಾಯಿಗಳು ತೊಟ್ಟಿ ಕೆದರಿದರೆ ಊರು ನಿಮ್ಮ ಮೇಲೆ ತಿರುಗುತ್ತದೆ. ಕೋಳಿ ಅಂಗಡಿಯ ಪುಕ್ಕ, ಕರುಳನ್ನು ಒಯ್ಯುವವರ ಜೊತೆ ಅಂಗಡಿಯವರೇ ಮಾತಾಡಿಕೊಳ್ಳಬೇಕು. ಲೈಸೆನ್ಸ್ ನವೀಕರಣಕ್ಕೆ ಬಂದಾಗ ಪಂಚಾಯಿತಿ ಈ ಷರತ್ತು ಹಾಕಲಿ. ಎರೆಹುಳು ಬಿಡುವ ಆಸೆ ಇದ್ದರೆ ರಾಶಿ ಪೂರ್ತಿ ತಣ್ಣಗಾದ ಮೇಲೆ ಬಿಡಿ, ಬಿಸಿಯಲ್ಲಿ ಬಿಟ್ಟರೆ ಒಂದೂ ಉಳಿಯುವುದಿಲ್ಲ.

ಹಂತ 7: ಶೆಡ್ಡಿನಲ್ಲಿ ಏನು ನಡೆಯಬೇಕು

ಒಣ ಕಸ ತಂದು ಗುಡ್ಡೆ ಹಾಕಿದರೆ ಶೆಡ್ಡೂ ಇನ್ನೊಂದು ತಿಪ್ಪೆಯಾಗುತ್ತದೆ. ಬಂದ ದಿನವೇ ವಿಂಗಡಿಸಬೇಕು. ಹಾಲಿನ ಕವರು, ನೀರಿನ ಬಾಟಲಿ, ಬಕೆಟ್ ಮಗ್ಗಿನಂಥ ಗಟ್ಟಿ ಪ್ಲಾಸ್ಟಿಕ್, ರಟ್ಟು, ಕಾಗದ, ಕಬ್ಬಿಣ, ಗಾಜು, ಬಟ್ಟೆ, ಇಷ್ಟು ಬೇರೆ ಬೇರೆ ಇದ್ದರೆ ಗುಜರಿಯವರು ಒಳ್ಳೆ ರೇಟು ಕೊಡುತ್ತಾರೆ. ಎಲ್ಲಾ ಪ್ಲಾಸ್ಟಿಕ್ ಒಂದೇ ಚೀಲದಲ್ಲಿದ್ದರೆ ಅತಿ ಕಡಿಮೆ ಬೆಲೆಯ ಮಾಲಿನ ರೇಟೇ ಎಲ್ಲಕ್ಕೂ.

ಚಿಪ್ಸ್, ಬಿಸ್ಕತ್ತು, ಗುಟ್ಕಾದ ಬೆಳ್ಳಿ ಬಣ್ಣದ ಕವರನ್ನು ಯಾರೂ ಕೊಳ್ಳುವುದಿಲ್ಲ. ಅದರಲ್ಲಿ ಪ್ಲಾಸ್ಟಿಕ್ಕೂ ಲೋಹದ ಪೊರೆಯೂ ಒಂದರ ಮೇಲೊಂದು ಅಂಟಿರುತ್ತವೆ, ಬಿಡಿಸಲು ಆಗದು. ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಹೋಗುವುದೇ ಅದಕ್ಕೆ ಹೆಚ್ಚಾಗಿ ಇರುವ ದಾರಿ. ಅಲ್ಲಿಯವರೆಗೆ ಸಾಗಿಸಲು ಒಂದು ಹಳ್ಳಿಯ ಮಾಲು ಸಾಲದು. ಹಾಗಾಗಿ ಚೀಲದಲ್ಲಿ ಒತ್ತಿ ತುಂಬಿಟ್ಟು, ತಾಲ್ಲೂಕಿನ ಪ್ಲಾಸ್ಟಿಕ್ ಘಟಕಕ್ಕೆ ಅಥವಾ ಜಿಲ್ಲೆಯ ಒಣ ಕಸ ಸಂಸ್ಕರಣಾ ಘಟಕಕ್ಕೆ ನಾಲ್ಕೈದು ಪಂಚಾಯಿತಿ ಸೇರಿ ಕಳಿಸಬೇಕು. ಇಂಥ ಘಟಕವನ್ನು ಗ್ರಾಮೀಣ ಭಾಗಕ್ಕೆಂದೇ ಕಟ್ಟಿ ನಡೆಸುತ್ತಿರುವುದನ್ನು ನೋಡಬೇಕಾದರೆ ಉಡುಪಿ ಜಿಲ್ಲೆಯ ನಿಟ್ಟೆಗೆ ಒಂದು ಬಸ್ಸು ಮಾಡಿಕೊಂಡು ಹೋಗಿ ಬನ್ನಿ. ಐವರ ಗುಂಪಿಗೆ ಹತ್ತು ತರಬೇತಿಗಿಂತ ಅದು ಹೆಚ್ಚು.

ಹೊಲದ ಪ್ಲಾಸ್ಟಿಕ್ ಬೇರೆಯೇ ತಲೆನೋವು. ಟೊಮೇಟೊ, ಕ್ಯಾಪ್ಸಿಕಂ ಬೆಳೆದ ಮೇಲೆ ಕಿತ್ತ ಮಲ್ಚಿಂಗ್ ಶೀಟನ್ನು (ಸಾಲಿನ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ) ಬದುವಿನಲ್ಲಿ ಸುಡುವುದು ಮಾಮೂಲಾಗಿದೆ. ಮಣ್ಣು ಒಣಗಿದ ಮೇಲೆ ಕೊಡವಿ, ಸುತ್ತಿ, ಶೆಡ್ಡಿಗೆ ತಂದರೆ ಮಾತ್ರ ಗುಜರಿಯವರು ಕಣ್ಣೆತ್ತಿ ನೋಡುತ್ತಾರೆ, ಮಣ್ಣು ಮೆತ್ತಿದ್ದರೆ ಬೇಡ ಅನ್ನುತ್ತಾರೆ. ಕೀಟನಾಶಕದ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನೂ ಸ್ಪ್ರೇಯರ್ ಟ್ಯಾಂಕಿಗೇ ಹಾಕಿ, ತಳಕ್ಕೆ ತೂತು ಹೊಡೆದು ಅಪಾಯದ ಕಸದಲ್ಲಿ ಕೊಡಬೇಕು. ತೂತು ಯಾಕೆ ಅಂದರೆ, ಇಲ್ಲದಿದ್ದರೆ ಅದರಲ್ಲಿ ಎಣ್ಣೆ ತರುವವರು ಈಗಲೂ ಇದ್ದಾರೆ.

ಊರಿಗೆ ವಾರಕ್ಕೊಮ್ಮೆ ಸೈಕಲ್ಲಿನಲ್ಲೋ ಟಿವಿಎಸ್‌ನಲ್ಲೋ ‘ಹಳೇ ಪೇಪರ್, ಹಳೇ ಕಬ್ಬಿಣ’ ಅಂತ ಕೂಗಿಕೊಂಡು ಬರುವವರ ಹೊಟ್ಟೆ ಮೇಲೆ ಹೊಡೆಯಬೇಡಿ. ಜನ ಅವರಿಗೆ ಮಾರುವುದನ್ನು ಮಾರಿಕೊಳ್ಳಲಿ. ಶೆಡ್ಡಿನ ಮಾಲು ಕೊಳ್ಳಲು ಮೊದಲು ಅವರನ್ನೇ ಕೇಳಿ. ಮಾರುಕಟ್ಟೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ವಿಂಗಡಿಸುವವರಿಗೆ ಗ್ಲೌಸು, ಬೂಟು, ಧನುರ್ವಾಯು ತಡೆಯುವ ಇಂಜೆಕ್ಷನ್, ಕೈ ತೊಳೆಯಲು ನಲ್ಲಿ ಮತ್ತು ಒಂದು ಶೌಚಾಲಯ ಬೇಕು. ಇವಿಲ್ಲದೆ ಶೆಡ್ಡಿನ ರಿಬ್ಬನ್ ಕತ್ತರಿಸಬೇಡಿ.

ಹಂತ 8: ದುಡ್ಡಿನ ಮಾತು

ಕಸದಿಂದ ರಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಳ್ಳಿಯ ಒಣ ಕಸ ಮಾರಿದ ದುಡ್ಡು ದುಡಿಯುವ ಇಬ್ಬರ ಸಂಬಳಕ್ಕೆ ಆಗುವುದಿಲ್ಲ. ಮನೆಗಿಷ್ಟು ಅಂತ ಶುಲ್ಕ ಬೇಕೇ ಬೇಕು. ಲೆಕ್ಕಕ್ಕೆ ಹೇಳುತ್ತೇನೆ, 200 ಮನೆ, ತಿಂಗಳಿಗೆ 30 ರೂಪಾಯಿ, ಅದರಲ್ಲಿ 140 ಮನೆ ಕೊಟ್ಟರೆ 4,200 ರೂಪಾಯಿ. ಒಂದು ಊರಿಗೆ ಇದು ಸಾಲದು, ನಾಲ್ಕೈದು ಊರು ಸೇರಿದರೆ ಗಾಡಿ ಓಡುತ್ತದೆ. ಉಳಿದದ್ದನ್ನು ಪಂಚಾಯಿತಿ ತುಂಬಬೇಕು, ನೈರ್ಮಲ್ಯಕ್ಕೆಂದು ಮೀಸಲಿಟ್ಟ ಅನುದಾನವಿರುತ್ತದೆ. ಶುಲ್ಕವನ್ನು ಮೊದಲ ದಿನವೇ ಕೇಳಬೇಡಿ. ಮೂರು ತಿಂಗಳು ಗಾಡಿ ತಪ್ಪದೆ ಬಂದ ಮೇಲೆ ಕೇಳಿ, ರಸೀದಿ ಕೊಡಿ, ಬಂದದ್ದು ಹೋದದ್ದನ್ನು ತಿಂಗಳಿಗೊಮ್ಮೆ ಡೇರಿ ಗೋಡೆಗೆ ಅಂಟಿಸಿ.

ಹಂತ 9: ಕಸದ ಗುಡ್ಡೆ ತೆಗೆಯುವುದು, ಬೆಂಕಿ ನಿಲ್ಲಿಸುವುದು

ಬಹಳ ಊರುಗಳು ಇದನ್ನೇ ಮೊದಲು ಮಾಡಿ ಸೋಲುತ್ತವೆ. ಜೆಸಿಬಿ ತಂದು ಬಳಿದು, ರಂಗೋಲಿ ಹಾಕಿ, ಫೋಟೋ ತೆಗೆದ ಮಾರನೇ ದಿನವೇ ಮತ್ತೆ ಮೂರು ಕವರು ಬಿದ್ದಿರುತ್ತವೆ. ಗಾಡಿ ಸರಿಯಾಗಿ ಬರುತ್ತಿದ್ದರೆ ಮಾತ್ರ ಗುಡ್ಡೆ ಮುಟ್ಟಿ. ತೆಗೆದ ಮೇಲೆ ಎರಡು ವಾರ, ಬೆಳಗಿನ ಜಾವ ಮತ್ತು ರಾತ್ರಿ ಊಟದ ಹೊತ್ತಿಗೆ, ಒಬ್ಬರು ಅಲ್ಲಿ ಕುರ್ಚಿ ಹಾಕಿ ಕೂರಬೇಕು. ಕಸ ತಂದವರನ್ನು ಗದರಬೇಕಿಲ್ಲ. ‘ಏನಣ್ಣ, ಇಷ್ಟೊತ್ತಲ್ಲಿ?’ ಅಂದರೆ ಸಾಕು, ಕವರು ಮನೆಗೆ ವಾಪಸ್.

ಬೀದಿಯಲ್ಲಿ, ಬಯಲಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಆದರೆ ಬಚ್ಚಲೊಲೆಗೆ ಪ್ಲಾಸ್ಟಿಕ್ ಹಾಕುವುದನ್ನು ನಿಯಮ ಓದಿ ಬಿಡಿಸಲಾಗದು. ಹೊಗೆ ಮೊದಲು ಸೇರುವುದು ಒಲೆ ಮುಂದೆ ಕೂತವರ ಎದೆಗೆ, ಪಕ್ಕದಲ್ಲಿ ನೀರು ಕಾಯುವುದನ್ನು ನೋಡುತ್ತಾ ಕೂತ ಮೊಮ್ಮಗುವಿನ ಎದೆಗೆ, ಅಂತ ಆಶಾ ಅಕ್ಕ ಹೇಳಿದಾಗ ಕೆಲವರು ಬಿಟ್ಟರು. ಎಲ್ಲರೂ ಅಲ್ಲ.

ಹೊರಗಿನಿಂದ ರಾತ್ರಿ ಟೆಂಪೋ, ಟ್ರ್ಯಾಕ್ಟರಿನಲ್ಲಿ ಬಂದು ಗೋಮಾಳಕ್ಕೆ, ಕೆರೆಯಂಗಳಕ್ಕೆ ಸುರಿದು ಹೋಗುವವರ ಕಾಟ ನಗರದ ಅಂಚಿನ ಎಲ್ಲಾ ಊರಿಗೂ ಇದೆ. ಗಾಡಿ ಇಳಿಯುವ ದಾರಿಗೆ ಅಡ್ಡ ಟ್ರೆಂಚ್ ಹೊಡೆಸುವುದು ಅತಿ ಅಗ್ಗದ ಉಪಾಯ. ಒಬ್ಬರೇ ಹೋಗಿ ತಡೆಯಬೇಡಿ, ನಂಬರ್ ಪ್ಲೇಟಿನ ಫೋಟೋ ತೆಗೆಯಿರಿ. ಸುರಿದ ಕಸದಲ್ಲಿ ಕೊರಿಯರ್ ಕವರು, ಬಿಲ್ಲು ಸಿಕ್ಕರೆ ವಿಳಾಸ ಸಿಕ್ಕ ಹಾಗೆ. ಪಿಡಿಒಗೂ ಪೊಲೀಸ್ ಠಾಣೆಗೂ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಹಂತ 10: ಜಾತ್ರೆಗೆ ಮುಂಚೆ ತಟ್ಟೆ ಬ್ಯಾಂಕು

ವರ್ಷದ ಅರ್ಧ ಕಸ ನಾಲ್ಕು ದಿನದಲ್ಲಿ ಬೀಳುತ್ತದೇನೋ ಅನ್ನಿಸುವುದು ಊರಹಬ್ಬ, ಮದುವೆ, ಅನ್ನಸಂತರ್ಪಣೆಯಲ್ಲಿ. ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ಚಮಚವನ್ನು ಕರ್ನಾಟಕ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಇಂಥ ನಿಷೇಧ ಬಂತು. ಸಂತೆಯಲ್ಲಿ ಈಗಲೂ ಸಿಗುತ್ತವೆ. ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಕ್ಕೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು ಅಂತ 2016ರ ನಿಯಮ ಹೇಳಿತ್ತು. ಪೆಂಡಾಲ್ ಹಾಕುವವರು ಊರಿಗೆ ಬಂದ ದಿನವೇ ಹಬ್ಬದ ಮನೆಗೆ ಹೋಗಿ ಮಾತಾಡುವುದು ಅದಕ್ಕಿಂತ ಸುಲಭ.

ಬಾಳೆಎಲೆ, ಮುತ್ತುಗದ ಎಲೆ ಇದ್ದರೆ ಚಿಂತೆಯಿಲ್ಲ, ಎಲ್ಲ ತಿಪ್ಪೆಗೆ. ಲೋಟಕ್ಕೇ ಪರದಾಟ. ಸಂಘದಿಂದ ಐನೂರು ಸ್ಟೀಲ್ ತಟ್ಟೆ, ಐನೂರು ಲೋಟ ತಂದು ತಟ್ಟೆ ಬ್ಯಾಂಕು ಮಾಡಿ. ಮದುವೆ, ತಿಥಿ, ಹುಟ್ಟುಹಬ್ಬಕ್ಕೆ ಬಾಡಿಗೆಗೆ ಕೊಡಿ, ದೇವರ ಕೆಲಸಕ್ಕೆ ಬಿಟ್ಟಿ. ಪ್ರತಿಯೊಂದರ ತಳದಲ್ಲೂ ಸಂಘದ ಹೆಸರು ಕೊರೆಸಿರಲಿ, ಇಲ್ಲದಿದ್ದರೆ ಎರಡನೇ ಮದುವೆಗೆ ಅರ್ಧ ಮಾಯ. ಕೊಡುವಾಗ ಎಣಿಸಿ, ತೊಳೆದು ತಂದಾಗ ಮತ್ತೆ ಎಣಿಸಿ. ಕಳೆದದ್ದಕ್ಕೆ ಲೋಟದ ಬೆಲೆ ಮುರಿದುಕೊಳ್ಳಿ, ನೆಂಟರಾದರೂ ಸರಿ. ನಮ್ಮಲ್ಲಿ ಮೊದಲ ವರ್ಷ ಕಡಿಮೆ ಬಿದ್ದದ್ದು ಹದಿನೇಳು ಲೋಟ. ಅದರಲ್ಲಿ ನಾಲ್ಕು ಡೇರಿಯಲ್ಲೇ ಸಿಕ್ಕವು, ಟೀ ಕುಡಿಯಲು ಇಟ್ಟುಕೊಂಡಿದ್ದರು.